೨೦೧೮ರ ಬೋಟಾ, ೨೦೧೯ರ ಬೋಟಾ? ಎರಡೂ ಬೇಡ ಭಾವ

ಎರಡು ತಿಂಗಳೊಳಗೆ ಮೂರು ತಾಲೂಕಿನಿಂದ ಮೂರು ಜನ ನನ್ನ ಹತ್ರ ಒಂದೇ ಪ್ರಶ್ನೆ ಕೇಳಿದ್ದಾರೆ. ಬೋಟ್ ತಗೊಳ್ಳೋದಾದ್ರೆ ಯಾವ ವರ್ಷದ ಮಾಡೆಲ್ ಒಳ್ಳೇದು? ಸಾಗರದ ಹಿನ್ನೀರಿನ ಕಡೆಯಿಂದ ನಮ್ಮ ಭಾವ, ಹೊಸನಗರದಿಂದ ಇಂಜಿನಿಯರಿಂಗ್ ಕಾಲೇಜಿನ ಸ್ನೇಹಿತ, ತೀರ್ಥಹಳ್ಳಿಯಿಂದ ಅಪ್ಪನ ಪರಿಚಯದ ಗೌಡರೊಬ್ಬರು. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋನಿಗೂ ಬೋಟಿಗೂ ಏನು ಸಂಬಂಧ ಅಂತ ನನ್ನನ್ನ ಕೇಳ್ಬೇಡಿ. ಇಂಜಿನಿಯರಿಂಗ್ ಓದಿದವನು ಮಿಕ್ಸಿಯಿಂದ ಹಿಡಿದು ಪಂಪ್‌ಸೆಟ್ಟಿನ ತನಕ ಎಲ್ಲದಕ್ಕೂ ಅಭಿಪ್ರಾಯ ಕೊಡ್ಲೇಬೇಕು ಅನ್ನೋದು ನಮ್ಮ ಕಡೆಯ ಅಲಿಖಿತ ನಿಯಮ. ಕೇಳಿದ್ಮೇಲೆ ನಾನೂ ಸುಮ್ನೆ ಕೂರಲಿಲ್ಲ. ಬೋಟಿನ ಕೈಪಿಡಿ, ಇಂಜಿನ್ನಿನ ಕೈಪಿಡಿ, ಅಪಘಾತದ ಸುದ್ದಿಗಳು ಅಂತ ರಾತ್ರಿ ಕೂತು ಓದಿದೆ. ಓದಿ ಮುಗಿಸೋ ಹೊತ್ತಿಗೆ ಬಂದ ಸಿಟ್ಟು ಈ ಬರಹಕ್ಕೆ ಕಾರಣ.

ಭಾವ ವಾಟ್ಸಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದ್ದ. ಎರಡು ಕಾಲಮ್ಮು, ೨೦೧೮ ಮತ್ತು ೨೦೧೯. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಉದ್ದ. ಎಲ್ಲೋ ಒಂದು ರೆಸಾರ್ಟಿನವರು ತಮ್ಮ ಎರಡು ಬೋಟುಗಳನ್ನ ಮಾರ್ತಾ ಇದ್ದಾರಂತೆ. ೨೦೧೯ರದ್ದಕ್ಕೆ ಮೂರು ಲಕ್ಷ ಜಾಸ್ತಿ. ಜಾಸ್ತಿ ಇರೋ ಕಡೆ ಹಸಿರು ಬಣ್ಣ, ಕಮ್ಮಿ ಇರೋ ಕಡೆ ಕೆಂಪು ಬಣ್ಣ. ಕೆಳಗೆ ಒಂದು ಸಾಲು: “ಇದ್ರಲ್ಲಿ ಯಾವ್ದು ಅಡ್ಡಿಲ್ಲೆ ಹೇಳು ಮಾರಾಯ.” ನಾನು ಎಣಿಸಿದೆ. ಒಟ್ಟು ಮೂವತ್ತೊಂದು ಸಾಲು. ಅದರಲ್ಲಿ ನೀರಿನ ಬಗ್ಗೆ ಒಂದೇ ಒಂದು ಸಾಲಿಲ್ಲ!

ಇದು ಯಾವ ಬೋಟು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಗ್ಗ ಕಟ್ಟಿ ಮನುಷ್ಯನನ್ನ ಎಳೆಯೋಕೆ ಅಂತಲೇ ಮಾಡಿದ ಬೋಟುಗಳಿವೆ. ಟೋ ಬೋಟ್ ಅಂತಾರೆ. ಹಿಂದೆ ಒಬ್ಬ ಹಲಗೆ ಮೇಲೆ ನಿಂತು ಹಗ್ಗ ಹಿಡ್ಕೊಂಡು ಜಾರ್ತಾನೆ, ಇಲ್ಲಾ ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತು ಕಿರುಚ್ತಾನೆ. ಅಮೆರಿಕದ ಮಾಸ್ಟರ್‌ಕ್ರಾಫ್ಟ್, ಮಾಲಿಬು, ನಾಟಿಕ್ ಇಂಥ ಬೋಟುಗಳಿಗೇ ಹೆಸರಾದ ಕಂಪನಿಗಳು. ಇಂಜಿನ್ನು ಹೊರಗೆ ನೇತಾಡಲ್ಲ, ಬೋಟಿನ ಹೊಟ್ಟೆಯೊಳಗೆ ಇರುತ್ತೆ. ಪ್ರೊಪೆಲರ್ರು, ಅಂದ್ರೆ ನೀರು ತಳ್ಳೋ ರೆಕ್ಕೆ, ತಳದ ಅಡಿಯಲ್ಲಿ ಬಾಗಿಲಿನ ಚಿಲಕದ ಹಾಗೆ ಚಾಚ್ಕೊಂಡಿರುತ್ತೆ. ಈ ಕೊನೇ ವಾಕ್ಯ ನೆನಪಿಟ್ಕೊಳ್ಳಿ.

ನನ್ನ ಮಾತು ಇಷ್ಟೇ. ೨೦೧೮ ಒಳ್ಳೇದೋ ೨೦೧೯ ಒಳ್ಳೇದೋ ಅನ್ನೋದು ಮಾರೋನ ಪ್ರಶ್ನೆ. ಆ ಪ್ರಶ್ನೆ ಕೇಳಿಸ್ಕೊಂಡ ತಕ್ಷಣ ಕೊಳ್ಳೋನು ಅರ್ಧ ಕೊಂಡಾಗಿರುತ್ತೆ. ಎರಡರಲ್ಲಿ ಒಂದು ಅಂತ ತಲೇಲಿ ಕೂತ್ಮೇಲೆ ಎರಡೂ ಬೇಡ ಅನ್ನೋ ಉತ್ತರ ಹೊಳೆಯೋದೇ ಇಲ್ಲ.

ಎರಡೂ ವರ್ಷದ ಬ್ರೋಷರು ಇಳಿಸ್ಕೊಂಡು, ನಾವು ಆಫೀಸಲ್ಲಿ ಎರಡು ಫೈಲಿನ ವ್ಯತ್ಯಾಸ ನೋಡೋ ಹಾಗೆ, ಸಾಲಿಗೆ ಸಾಲು ಹೋಲಿಸಿ ನೋಡಿದೆ. ಉದ್ದ ಅದೇ, ಅಗಲ ಅದೇ, ತೂಕ ಅದೇ, ಪೆಟ್ರೋಲ್ ಟ್ಯಾಂಕು ಅದೇ, ಇಂಜಿನ್ನೂ ಅದೇ. ಬದಲಾಗಿದ್ದು ಏನಪ್ಪಾ ಅಂದ್ರೆ ಡ್ಯಾಶ್‌ಬೋರ್ಡಿನ ಸ್ಕ್ರೀನು ಸ್ವಲ್ಪ ದೊಡ್ಡದು, ಸೀಟಿನ ಹೊಲಿಗೆ ಬೇರೆ, ಮೇಲಿನ ಕಮಾನಿಗೆ ಇನ್ನೆರಡು ಸ್ಪೀಕರ್ರು, ಮೂರು ಹೊಸ ಬಣ್ಣ. ಮೂರು ಲಕ್ಷಕ್ಕೆ ಎರಡು ಸ್ಪೀಕರ್ರು! ನಮ್ಮ ಆಫೀಸಲ್ಲಿ ಇಷ್ಟಕ್ಕೆಲ್ಲ ವರ್ಷನ್ ನಂಬರ್ ಬದಲಾಯ್ಸೋಕೆ ಯಾರೂ ಒಪ್ಪಲ್ಲ. ಅಲ್ಲ, ಒಪ್ತಾರೆ, ಮಾರ್ಕೆಟಿಂಗ್‌ನವರು ಕೇಳಿದ್ರೆ :-)

ಇನ್ನೊಂದು ವಿಷ್ಯ. ಮಾಡೆಲ್ ವರ್ಷ ಅಂದ್ರೆ ತಯಾರಾದ ವರ್ಷ ಅಲ್ಲ. ೨೦೧೮ರ ಮಾಡೆಲ್ ಅಂತ ಮಾರಿದ ಬೋಟು ೨೦೧೭ರ ಮಧ್ಯದಲ್ಲೇ ಕಾರ್ಖಾನೆಯಿಂದ ಹೊರಗೆ ಬಂದಿರಬಹುದು. ಅಮೆರಿಕದ ಬೋಟಾದ್ರೆ ಹಿಂಬದಿಯ ಬಲಗಡೆ ಮೇಲ್ಭಾಗದಲ್ಲಿ ಹನ್ನೆರಡು ಅಕ್ಷರ-ಅಂಕಿಯ ಒಂದು ನಂಬರು ಕೆತ್ತಿರುತ್ತೆ, ಜೀಪಿನ ಚಾಸಿಸ್ ನಂಬರಿದ್ದ ಹಾಗೆ. ಅದರ ಕೊನೇ ನಾಲ್ಕು ನೋಡಿ. ಮೊದಲನೇದು ತಿಂಗಳು, ಇಂಗ್ಲಿಷಿನ ‘ಎ’ ಇದ್ರೆ ಜನವರಿ, ‘ಜಿ’ ಇದ್ರೆ ಜುಲೈ. ಎರಡನೇದು ತಯಾರಾದ ಇಸವಿಯ ಕೊನೇ ಅಂಕಿ. ಕೊನೇ ಎರಡು ಮಾಡೆಲ್ ವರ್ಷ. ‘ಜಿ೭೧೮’ ಅಂತಿದ್ರೆ ೨೦೧೭ರ ಜುಲೈಯಲ್ಲಿ ತಯಾರಾಗಿ ೨೦೧೮ರ ಮಾಡೆಲ್ ಅಂತ ಮಾರಾಟವಾದದ್ದು. ಭಾವನ ಹತ್ರ ಈ ನಂಬರು ತರಿಸ್ಕೊ ಅಂದೆ. ಮಾರೋನು ಫೋಟೋ ಕಳಿಸಿದ. ಎರಡು ಬೋಟಿನ ನಡುವೆ ಏಳೇ ತಿಂಗಳು ಅಂತರ. ಆ ಏಳು ತಿಂಗಳಿಗೆ ಮೂರು ಲಕ್ಷ ಕೇಳ್ತಾ ಇದ್ದಾನೆ.

ವರ್ಷ ಯಾವತ್ತೂ ಲೆಕ್ಕಕ್ಕೇ ಬರಲ್ಲ ಅಂತ ನಾನು ಹೇಳ್ತಿಲ್ಲ. ಹೊಸನಗರದ ಸ್ನೇಹಿತ ಕೇಳಿದ್ದು ೨೦೦೮ ಮತ್ತು ೨೦೧೧ರ ನಡುವೆ. ಅಲ್ಲಿ ವರ್ಷಕ್ಕೆ ಅರ್ಥ ಇದೆ. ಹೊಟ್ಟೆಯೊಳಗೆ ಇಂಜಿನ್ ಇರೋ ಪೆಟ್ರೋಲ್ ಬೋಟುಗಳ ಹೊಗೆಗೆ ಅಮೆರಿಕದಲ್ಲಿ ೨೦೧೦ರ ಮಾಡೆಲ್‌ನಿಂದ ಕಟ್ಟುನಿಟ್ಟಿನ ಮಿತಿ ಬಂತು. ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದು ಅದರಿಂದ. ಇದು ಬರೀ ಪರಿಸರದ ಮಾತಲ್ಲ. ಈ ಬೋಟುಗಳ ಹೊಗೆ ಹಿಂಬದಿಯಿಂದ ಹೊರಗೆ ಬರುತ್ತೆ. ಎಳೆಸ್ಕೊಳ್ಳೋ ಮಕ್ಕಳು ಕಾಲು ಇಳಿಬಿಟ್ಟು ಕೂರೋದೂ ಅಲ್ಲೇ. ಆ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗಿ ನೀರಿಗೆ ಬಿದ್ದವರನ್ನ ‘ಮುಳುಗಿ ಸತ್ರು’ ಅಂತ ಬರ್ಕೊಂಡು ಮುಗಿಸಿಬಿಡ್ತಾರೆ. ಹಾಗೇ, ಚಾಲಕ ನೀರಿಗೆ ಬಿದ್ರೆ ಇಂಜಿನ್ ತಾನಾಗೇ ನಿಲ್ಲೋ ಹಾಗೆ ಮೈಗೆ ಕಟ್ಕೊಳ್ಳೋ ದಾರದ ಸ್ವಿಚ್ಚನ್ನ ಅಲ್ಲಿನ ಸಣ್ಣ ಬೋಟುಗಳಲ್ಲಿ ಕಾರ್ಖಾನೆಯಿಂದಲೇ ಹಾಕಿ ಕೊಡಬೇಕು ಅಂತ ಕಾನೂನಾದದ್ದು ೨೦೧೯ರ ಕೊನೆಯಿಂದೀಚೆಗೆ. ೨೦೨೧ರ ಏಪ್ರಿಲ್ ೧ರಿಂದ ಅದನ್ನ ಕಟ್ಕೊಂಡೇ ಓಡಿಸಬೇಕು ಅಂತಲೂ ಆಯ್ತು. ಇಂಥ ಗೆರೆಗಳು ಎಲ್ಲಿ ಬಿದ್ದಿವೆ ಅಂತ ನೋಡಿ ವರ್ಷ ಕೇಳಿದ್ರೆ ಅದು ಬುದ್ಧಿವಂತರ ಪ್ರಶ್ನೆ. ಭಾವನ ಮೂವತ್ತೊಂದು ಸಾಲಿನಲ್ಲಿ ಆ ದಾರದ ಸ್ವಿಚ್ಚೂ ಇರಲಿಲ್ಲ. ಸ್ಪೀಕರಿನ ವಾಟ್ ಎಷ್ಟು ಅಂತ ಇತ್ತು.

ನಮ್ಮ ಹಿರಿಯರು ದನ ಕೊಳ್ಳೋವಾಗ ಹಲ್ಲು ನೋಡ್ತಿದ್ರು, ಕೆಚ್ಚಲು ನೋಡ್ತಿದ್ರು, ನಡೆಸಿ ನೋಡ್ತಿದ್ರು. ಮಾರೋನು ಹೇಳಿದ ವಯಸ್ಸನ್ನ ನಂಬಿ ಯಾರೂ ಹಗ್ಗ ಹಿಡೀತಿರಲಿಲ್ಲ. ಬೋಟಿನ ಹಲ್ಲು ಅಂದ್ರೆ ಅದರ ಗಂಟೆ ಮೀಟರ್ರು. ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ಅದು ತೋರಿಸುತ್ತೆ. ಆಮೇಲೆ ತಂಪು ನೀರೆಳೆಯೋ ಪಂಪಿನೊಳಗಿನ ರಬ್ಬರು. ಬೋಟು ಒಣಗಿ ನಿಂತಲ್ಲೇ ನಿಂತಿದ್ರೆ ಅದರ ರೆಕ್ಕೆಗಳು ಮಡಚಿ ಸೆಟೆದುಹೋಗಿರ್ತವೆ. ಆಮೇಲೆ ಪ್ರೊಪೆಲರಿನ ದಂಡ ನೆಟ್ಟಗಿದೆಯಾ, ಓಡುವಾಗ ನಡುಗುತ್ತಾ, ತಳಕ್ಕೆ ತೇಪೆ ಹಾಕಿದ್ದಾರಾ. ಐದು ವರ್ಷ ಬಿಸಿಲಲ್ಲಿ ನಿಂತ ಹೊಸ ಮಾಡೆಲ್ಲಿಗಿಂತ ಮಾಡಿನ ಕೆಳಗೆ ಇಟ್ಟು, ಪ್ರತಿ ವರ್ಷ ಎಣ್ಣೆ ಬದಲಾಯಿಸಿದ ಹಳೇದು ಮೇಲು. ನಮ್ಮ ಕಡೆ ಇವತ್ತಿಗೂ ಓಡ್ತಿರೋ ಹಳೇ ಜೀಪುಗಳನ್ನ ನೋಡಿದವರಿಗೆ ಇದನ್ನ ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನೋಡಿ ಎರಡರಲ್ಲಿ ಒಂದು ಆರಿಸಬಹುದಲ್ಲ ಅಂದ್ರೆ, ಆಗಲ್ಲ. ಯಾಕಂದ್ರೆ ಈಗ ನೀರಿಗೆ ಬರಬೇಕು.

ಲಿಂಗನಮಕ್ಕಿ ಕೆರೆ ಅಲ್ಲ. ಟೆಕ್ಸಾಸಿನ ಯಾವುದೋ ಸಪಾಟು ನೀರಲ್ಲಿ ತೆಗೆದ ಯೂಟ್ಯೂಬ್ ವಿಡಿಯೋ ನೋಡಿ ಇದನ್ನ ಅಳೆಯೋಕಾಗಲ್ಲ. ೧೯೬೪ರಲ್ಲಿ ಅಣೆಕಟ್ಟು ಆದಾಗ ಮುಳುಗಿದ್ದು ಖಾಲಿ ಬಯಲಲ್ಲ. ಕಾಡು, ಗದ್ದೆ, ತೋಟ, ಮನೆ, ರಸ್ತೆ ಮುಳುಗಿದ್ದು. ಮರಗಳು ನಿಂತಲ್ಲೇ ಸತ್ತು ಅರವತ್ತು ವರ್ಷದಿಂದ ನಿಂತೇ ಇವೆ. ಹೊನ್ನೆಮರಡು ಕಡೆ ಹೋದವರೆಲ್ಲ ಸಂಜೆ ಬೆಳಕಲ್ಲಿ ಆ ಬೋಳು ಮರಗಳ ಫೋಟೋ ತೆಗೆದಿರ್ತೀರಿ. ಚೆಂದ ಕಾಣೋದು ನೀರಿನ ಮೇಲೆ ಎದ್ದಿರೋ ಮರ. ಎರಡಡಿ ಕೆಳಗೆ ನಿಂತಿರೋ ಮರ ಯಾರ ಫೋಟೋದಲ್ಲೂ ಬರಲ್ಲ. ಅದೇ ಎರಡಡಿ ಆಳದಲ್ಲಿ ಟೋ ಬೋಟಿನ ಪ್ರೊಪೆಲರ್ ತಿರುಗ್ತಾ ಇರುತ್ತೆ.

ನೀರಿನ ಮಟ್ಟ ಒಂದೇ ಕಡೆ ನಿಲ್ಲೋದಾಗಿದ್ರೆ ಕುಂಟೆಗಳೆಲ್ಲಿವೆ ಅಂತ ಒಂದು ಸಲ ಗುರುತು ಹಾಕ್ಕೊಂಡು ಮುಗಿಸಬಹುದಿತ್ತು. ಲಿಂಗನಮಕ್ಕಿಯ ಪೂರ್ಣ ಮಟ್ಟ ೧೮೧೯ ಅಡಿ. ಕರೆಂಟಿಗೆ ನೀರು ಬಿಟ್ಟಂತೆಲ್ಲ ಇಳೀತಾ ಹೋಗುತ್ತೆ. ಅರವತ್ತು, ಎಪ್ಪತ್ತು ಅಡಿ ಇಳಿದ ವರ್ಷಗಳೂ ಇವೆ. ೧೯೪೮ರಲ್ಲಿ ಕಟ್ಟಿ, ಲಿಂಗನಮಕ್ಕಿ ತುಂಬಿದಾಗ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟು, ನಮ್ಮ ಬಾಯಲ್ಲಿ ಮಡೆನೂರು ಡ್ಯಾಮು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತೆ. ಜನ ಬೈಕಿನಲ್ಲಿ ಹೋಗಿ ಅದರ ಮೇಲೆ ನಡೆದಾಡಿ ಬರ್ತಾರೆ. ಯೋಚನೆ ಮಾಡಿ, ಇಡೀ ಒಂದು ಡ್ಯಾಮನ್ನೇ ಬಚ್ಚಿಟ್ಕೊಂಡಿರೋ ನೀರು ಇದು! ಅಕ್ಟೋಬರಿನಲ್ಲಿ ಇಪ್ಪತ್ತು ಅಡಿ ಕೆಳಗಿದ್ದ ಕುಂಟೆ ಫೆಬ್ರವರಿಯಲ್ಲಿ ಎರಡಡಿಗೆ ಬರುತ್ತೆ. ಮಾರ್ಚಿನಲ್ಲಿ ಅದು ಮೇಲೆ ಕಾಣಿಸ್ಕೊಂಡಾಗ ಬೇರೆ ಯಾವುದೋ ಕುಂಟೆ ಎರಡಡಿಗೆ ಬಂದಿರುತ್ತೆ. ಒಳ್ಳೇ ಮಳೆಯ ವರ್ಷ ಇದ್ದ ಲೆಕ್ಕ ಮಳೆ ಕೈಕೊಟ್ಟ ವರ್ಷ ಇರಲ್ಲ. ಮಾಡೆಲ್ ವರ್ಷ ಕೇಳಲೇಬೇಕು ಅಂದ್ರೆ ಈ ನೀರಿನದ್ದು ಕೇಳಿ ಸ್ವಾಮೀ!

“ಸ್ಕ್ರೀನಿನಲ್ಲಿ ಆಳ ತೋರಿಸ್ತಲಾ” ಅಂದ ಭಾವ. ತೋರಿಸುತ್ತೆ. ಬೋಟಿನ ಅಡಿ ಎಷ್ಟು ಆಳ ಇದೆ ಅಂತ ತೋರಿಸುತ್ತೆ, ಮುಂದೆ ಏನಿದೆ ಅಂತಲ್ಲ. ಹಲಗೆ ಮೇಲೆ ನಿಂತವನನ್ನ ಎಳೆಯೋಕೆ ಗಂಟೆಗೆ ಮೂವತ್ತೈದು ಕಿಲೋಮೀಟರ್ ಹತ್ತಿರ ಓಡಿಸಬೇಕು. ಅಂದ್ರೆ ಸೆಕೆಂಡಿಗೆ ಹತ್ತು ಮೀಟರ್ ಹತ್ತಿರ. ನಲವತ್ತು ಅಡಿ ಆಳ ಅಂತ ಸ್ಕ್ರೀನು ತೋರಿಸಿದ ಮರುಕ್ಷಣಕ್ಕೆ ಒಂದು ಹೊನ್ನೆ ಮರದ ತುದಿ ಬಂದ್ರೆ ಏನು ಮಾಡ್ತೀರಿ?

ಆಗ ಆಗೋದು ಇಷ್ಟು. ಹೊರಗೆ ನೇತಾಡೋ ಇಂಜಿನ್ನು, ಅಂದ್ರೆ ಔಟ್‌ಬೋರ್ಡು, ಮರಕ್ಕೆ ಬಡಿದ್ರೆ ಮೇಲಕ್ಕೆ ಎಗರುತ್ತೆ. ಹಾಗೆ ಎಗರೋ ಹಾಗೇ ಅದನ್ನ ಕೂರಿಸಿರ್ತಾರೆ. ಪ್ರೊಪೆಲರ್ ಹಾಳಾಗಬಹುದು, ಒಂದು ಪಿನ್ ಮುರಿಯಬಹುದು, ಹುಟ್ಟು ಹಾಕ್ಕೊಂಡು ದಡಕ್ಕೆ ಬರಬಹುದು. ಟೋ ಬೋಟಿನ ಪ್ರೊಪೆಲರಿಗೆ ಎಗರೋಕೆ ಜಾಗವೇ ಇಲ್ಲ. ತಳದಲ್ಲಿ ಕಬ್ಬಿಣದ ಹಾಗೆ ಬಿಗಿದು ಕೂರಿಸಿದ್ದು. ಬಡಿದ ಹೊಡೆತ ದಂಡಕ್ಕೆ, ದಂಡದಿಂದ ಅದನ್ನ ಹಿಡಿದಿರೋ ಕಾಲಿಗೆ, ಕಾಲಿನಿಂದ ಬೋಟಿನ ತಳಕ್ಕೆ. ದಂಡ ಬಾಗಿದ್ರೆ ಪುಣ್ಯ. ತಳ ಕಿತ್ಕೊಂಡು ಬಂದ್ರೆ ನೀರು ನುಗ್ಗುತ್ತೆ. ಆಗ ಬೋಟಿನಲ್ಲಿ ಬೆಂಗಳೂರಿನಿಂದ ಬಂದ ಒಂದು ಸಂಸಾರ, ಹಿಂದೆ ಹಗ್ಗದ ತುದಿಯಲ್ಲಿ ಅವರ ಮಗ. ೨೦೧೮ಕ್ಕೂ ಹೀಗೇ, ೨೦೧೯ಕ್ಕೂ ಹೀಗೇ. ಈ ಸಾಲಿಗೆ ಎಕ್ಸೆಲ್ಲಿನಲ್ಲಿ ಯಾವ ಬಣ್ಣ ಹಾಕೋಣ?

ಸಿಗಂದೂರಿನ ಲಾಂಚು ಇಷ್ಟು ವರ್ಷ ಬಸ್ಸು, ಲಾರಿ ಹತ್ತಿಸ್ಕೊಂಡು ಹೋಗಿಲ್ವಾ ಅಂತ ಕೇಳ್ತೀರಿ. ಹೋಗಿದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಅದೇ ದಾರಿ, ಅದೇ ನಿಧಾನ, ಅದೇ ನೀರನ್ನ ದಿನಾ ನೋಡೋ ಚಾಲಕರು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅವರೇ ವಾಹನ ಹತ್ತಿಸೋದನ್ನ ನಿಲ್ಲಿಸಿದ್ದೂ ಇದೆ. ಕರೂರು ಸೀಮೆಯವರು ಆಗ ಬೈದ್ರೂ, ನಿಲ್ಲಿಸಿದ್ದು ಸರಿಯಾಗೇ ಇತ್ತು. ಟೋ ಬೋಟು ನಿಗದಿಯಾದ ದಾರಿಯಲ್ಲಿ ಹೋಗೋ ಬಂಡಿ ಅಲ್ಲ. ಎಂಟರ ಆಕಾರದಲ್ಲಿ ಸುತ್ತೋದೇ ಅದರ ಮಜಾ. ಸುತ್ತೋ ಜಾಗದಲ್ಲೇ ಸಂಜೆ ಯಾರೋ ಬಲೆ ಬಿಟ್ಟಿರ್ತಾರೆ, ಯಾರೋ ಹರಿಗೋಲಿನಲ್ಲಿ ಕೂತಿರ್ತಾರೆ. ದೊಡ್ಡ ಅಲೆ ಎಬ್ಬಿಸೋಕೆ ಅಂತಲೇ ಈ ಬೋಟಿನ ಹೊಟ್ಟೆಗೆ ನೀರು ತುಂಬಿ ತೂಕ ಏರಿಸ್ತಾರೆ. ಆ ಅಲೆ ಹರಿಗೋಲಿಗೆ ಬಡಿದ್ರೆ ಅವನ ಗತಿ ಏನು ಅನ್ನೋದು ಬ್ರೋಷರಿನಲ್ಲಿ ಇಲ್ಲ.

ಇನ್ನು ದಡ. ಒಣ ತೂಕವೇ ಒಂದೂವರೆಯಿಂದ ಎರಡೂವರೆ ಟನ್ ಇರೋ ಬೋಟನ್ನ ಟ್ರೈಲರ್ ಮೇಲಿಟ್ಟು ನೀರಿಗಿಳಿಸೋಕೆ ಕಾಂಕ್ರೀಟಿನ ಇಳಿಜಾರು ಬೇಕು. ನಮ್ಮಲ್ಲಿ ದಡವೇ ನಡೆದಾಡುತ್ತೆ. ನವೆಂಬರಿನಲ್ಲಿ ಭಾವನ ಅಂಗಳದ ಕೆಳಗೆ ಇರೋ ನೀರು ಏಪ್ರಿಲಿನಲ್ಲಿ ಕೆಂಪು ಕೆಸರಿನ ಆಚೆ ಎಲ್ಲೋ ಇರುತ್ತೆ. ಆ ಕೆಸರಲ್ಲಿ ಟ್ರೈಲರ್ ಹೂತ್ರೆ ಎಳೆಯೋಕೆ ಜೀಪು, ಜೀಪು ಹೂತ್ರೆ ಎಳೆಯೋಕೆ ಜೆಸಿಬಿ.

ಪೆಟ್ರೋಲಿನ ಕಥೆ ಕೇಳಿ. ಈ ಇಂಜಿನ್ನುಗಳ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ಎಥೆನಾಲ್ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇರಬಾರದು. ಅಮೆರಿಕದಲ್ಲಿ ನೂರಕ್ಕೆ ಹದಿನೈದು ಬೆರೆಸಿದ್ದನ್ನ ಬೋಟಿಗೆ ಹಾಕೋದೇ ನಿಷೇಧ. ನಮ್ಮಲ್ಲಿ ೨೦೨೫ರ ಹೊತ್ತಿಗೆ ಬಂಕಿನ ಸಾಮಾನ್ಯ ಪೆಟ್ರೋಲ್ ಅಂದ್ರೇನೇ ನೂರಕ್ಕೆ ಇಪ್ಪತ್ತು ಎಥೆನಾಲ್ ಇರೋದು. ಎಥೆನಾಲ್ ಗಾಳಿಯ ತೇವ ಹೀರುತ್ತೆ. ಕಾರಾದ್ರೆ ವಾರಕ್ಕೊಂದು ಟ್ಯಾಂಕ್ ಖಾಲಿಯಾಗುತ್ತೆ. ಬೋಟು ಜೂನಿನಿಂದ ಸೆಪ್ಟೆಂಬರ್ ತನಕ ಮಳೇಲಿ ನಿಂತಿರುತ್ತೆ, ಅದೂ ನಮ್ಮ ಸೀಮೆಯ ಮಳೆ! ಗೋಡೆಗೆ ಪಾಚಿ ಕಟ್ಟೋ ತೇವದಲ್ಲಿ ಟ್ಯಾಂಕಿನೊಳಗೆ ನೀರೂ ಎಥೆನಾಲೂ ಸೇರಿ ಬೇರ್ಪಟ್ಟು ತಳಕ್ಕಿಳಿಯುತ್ತೆ. ಇಂಜಿನ್ನಿಗೆ ಪೆಟ್ರೋಲ್ ಎಳೆಯೋ ಕೊಳವೆ ಇರೋದೂ ತಳದಲ್ಲೇ. ಎಳೆಯುವಾಗ ಗಂಟೆಗೆ ಹದಿನೈದು ಇಪ್ಪತ್ತು ಲೀಟರ್ ಸಲೀಸಾಗಿ ಕುಡಿಯೋ ಇಂಜಿನ್ನು ಅನ್ನೋದನ್ನ ನಾನು ಬೇರೆ ಎತ್ತಲ್ಲ, ಆ ಲೆಕ್ಕ ಭಾವನಿಗೇ ಬರುತ್ತೆ.

ಇದಕ್ಕಿಂತ ನನಗೆ ಹೆದರಿಕೆ ಇರೋದು ರಿಪೇರಿಯದ್ದು. ನಮ್ಮ ಮೆಕ್ಯಾನಿಕ್ಕುಗಳ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಟಿಲ್ಲರ್ರು, ಜೀಪು, ಕೊಳೆ ಔಷಧಿ ಹೊಡೆಯೋ ಪಂಪು, ಯಾವುದನ್ನೂ ಬಿಚ್ಚಿ ಸರಿ ಮಾಡ್ತಾರೆ. ಒಂದು ಸಾಮಾನು ಸಿಗದಿದ್ರೆ ಇನ್ನೊಂದನ್ನ ತುರುಕಿ ಓಡಿಸ್ತಾರೆ. ಆ ಜಾಣತನ ಇಲ್ಲಿ ಪ್ರಾಣ ತೆಗೆಯುತ್ತೆ. ಕಾರಿನ ಬಾನೆಟ್ಟಿನ ಕೆಳಗೆ ನೆಲ ತೆರೆದಿರುತ್ತೆ, ಪೆಟ್ರೋಲ್ ಸೋರಿದ್ರೆ ಆವಿ ಕೆಳಗೆ ಹೋಗುತ್ತೆ. ಬೋಟು ಬಾಣಲೆ ಇದ್ದ ಹಾಗೆ. ಗಾಳಿಗಿಂತ ಭಾರದ ಆವಿ ತಳದಲ್ಲೇ ಕೂರುತ್ತೆ. ಅದಕ್ಕೇ ಕೀ ತಿರುಗಿಸೋ ಮುಂಚೆ ಕನಿಷ್ಠ ನಾಲ್ಕು ನಿಮಿಷ ಫ್ಯಾನ್ ಹಾಕಿ ಆವಿ ಹೊರಗೆ ಓಡಿಸಬೇಕು. ಅದಕ್ಕೇ ಬೋಟಿನ ಸ್ಟಾರ್ಟರು, ಆಲ್ಟರ್ನೇಟರುಗಳನ್ನ ಕಿಡಿ ಹೊರಗೆ ಬರದ ಹಾಗೆ ಬೇರೆಯೇ ಮಾಡಿರ್ತಾರೆ. ಇಂಜಿನ್ನು ನೋಡೋಕೆ ಕಾರಿನದ್ದೇ ಥರ ಇರೋದ್ರಿಂದ ಕಾರಿನ ಸ್ಟಾರ್ಟರು ಕೂರುತ್ತೆ ಕೂಡಾ. ಕೂರುತ್ತೆ ಅನ್ನೋದೇ ಅಪಾಯ. ಬೋಟಿನ ಸಾಮಾನು ಹೊರದೇಶದಿಂದ ಬರೋಕೆ ಆರು ವಾರ ಅಂದಾಗ, ಕ್ರಿಸ್‌ಮಸ್ ರಜೆಗೆ ರೂಮು ಬುಕ್ ಆಗಿರೋವಾಗ, ಪೇಟೆಯಲ್ಲಿ ಕಾರಿನ ಸ್ಟಾರ್ಟರು ಸಿಗ್ತಾ ಇರೋವಾಗ ಯಾರು ಕಾಯ್ತಾರೆ ಹೇಳಿ? ನಮ್ಮೂರಲ್ಲಿ ಅಡಿಕೆ ಸುಲಿಯೋ ಯಂತ್ರ ಕೊಳ್ಳೋವಾಗ ಜನ ಮೊದಲು ಕೇಳೋದು ‘ಸ್ಪೇರು ಎಲ್ಲಿ ಸಿಗ್ತು’ ಅಂತ. ಅಷ್ಟು ಶಾಣ್ಯಾ ಜನ ಬೋಟು ಅಂದ ಕೂಡ್ಲೇ ಸೀಟಿನ ಬಣ್ಣ ನೋಡ್ತಾರೆ.

ಹೊಸದಾದ್ರೆ ಸುರಕ್ಷಿತ ಅನ್ನೋ ನಂಬಿಕೆಯೊಂದಿದೆ. ಅದಕ್ಕೆ ತೇಕಡಿ ನೆನಪಿಸ್ತೀನಿ. ೨೦೦೯ರ ಸೆಪ್ಟೆಂಬರ್ ೩೦, ಪೆರಿಯಾರ್ ಜಲಾಶಯ. ಅದೂ ನಮ್ಮದರ ಹಾಗೇ ಮುಳುಗಿದ ಮರಗಳ ನೀರು. ‘ಜಲಕನ್ಯಕ’ ಅನ್ನೋ ಎರಡು ಅಂತಸ್ತಿನ ಫೈಬರ್ ಬೋಟು ನೀರಿಗಿಳಿದು ಎರಡು ತಿಂಗಳೂ ಆಗಿರಲಿಲ್ಲ. ಮಗುಚಿತು. ನಲವತ್ತೈದು ಜನ ಸತ್ರು. ಜನ ಮಿತಿಗಿಂತ ಹೆಚ್ಚಿದ್ರು, ಲೈಫ್ ಜಾಕೆಟ್ ಹಾಕಿರಲಿಲ್ಲ. ೨೦೨೩ರ ಮೇ ೭ರಂದು ಕೇರಳದ್ದೇ ತಾನೂರಿನಲ್ಲಿ ಇಪ್ಪತ್ತೆರಡು ಜನ, ಮೀನುಗಾರಿಕೆ ದೋಣಿಯನ್ನ ಪ್ರವಾಸಿ ಬೋಟು ಮಾಡಿ ಮಿತಿಮೀರಿ ಹತ್ತಿಸಿದ್ದು. ೨೦೨೪ರ ಜನವರಿ ೧೮ರಂದು ವಡೋದರದ ಹರ್ಣಿ ಕೆರೆಯಲ್ಲಿ ಹನ್ನೆರಡು ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು. ಒಂದು ಹೊಸ ಬೋಟು, ಒಂದು ಹಳೇದು, ಒಂದು ಊರೊಳಗಿನ ಪುಟ್ಟ ಕೆರೆ. ಎಲ್ಲಾ ಕಡೆ ಇದ್ದದ್ದು ಜಾಸ್ತಿ ಜನ, ಕಮ್ಮಿ ಜಾಕೆಟ್ಟು.

ಭಾವನ ಕಡೆಯ ಮಾತೂ ಹೇಳಬೇಕು, ಇಲ್ಲಾಂದ್ರೆ ಬೆಂಗಳೂರಿನ ಏಸಿ ಗಾಳಿಯಲ್ಲಿ ಕೂತು ಉಪದೇಶ ಮಾಡ್ದ ಅಂತಾರೆ. ಎಲೆಚುಕ್ಕಿ ರೋಗ ತೋಟಕ್ಕೆ ಬಂದ್ಮೇಲೆ ಅಡಿಕೆಯನ್ನೇ ನಂಬಿ ಕೂರೋ ಧೈರ್ಯ ಹೊಸನಗರ, ತೀರ್ಥಹಳ್ಳಿ, ಸಾಗರ ಮೂರೂ ಕಡೆ ಕಮ್ಮಿಯಾಗಿದೆ. ಮೊದಲೆಲ್ಲ ಸಿಗಂದೂರಿಗೆ ಹೋಗೋರು ಲಾಂಚಿಗೆ ಕಾಯ್ತಾ ಹೊಳೆಬಾಗಿಲಲ್ಲಿ ನಿಲ್ತಿದ್ರು, ಚಾ ಕುಡೀತಿದ್ರು, ಊರಿನ ಹೆಸರು ಕೇಳ್ತಿದ್ರು. ೨೦೨೫ರ ಜುಲೈ ೧೪ರಂದು ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ ಉದ್ಘಾಟನೆ ಆಯ್ತು. ದ್ವೀಪದ ಜನ ಅರವತ್ತು ವರ್ಷ ಕಾದ ಸೇತುವೆ ಅದು, ಅದರ ಬಗ್ಗೆ ಯಾರಾದ್ರೂ ಕೊಂಕು ತೆಗೆದ್ರೆ ಜಗಳಕ್ಕೆ ನಾನೇ ಬರ್ತೀನಿ. ಆದ್ರೆ ಕಾರುಗಳು ಈಗ ನಿಲ್ಲದೆ ಹೋಗ್ತವೆ. ನಿಲ್ಲಿಸೋಕೆ ಏನಾದ್ರೂ ಬೇಕು ಅನ್ನೋದು ಭಾವನ ಯೋಚನೆ. “ತೋಟ ಒಂದನ್ನ ನಂಬ್ಕಂಡು ಕೂತ್ರೆ ಆಗ್ತಿಲ್ಲೆ” ಅಂತಾನೆ. ಆ ಯೋಚನೆಯಲ್ಲಿ ತಪ್ಪಿಲ್ಲ. ತೋಟದ ಮೇಲೆ ಸಾಲ ತೆಗೆದು ಟೋ ಬೋಟು ತರೋದರಲ್ಲಿ ತಪ್ಪಿದೆ. ಬೋಟು ಮರಕ್ಕೆ ಬಡಿದ್ರೆ ಹೋಗೋದು ತೋಟ. ಅಕ್ಕನ ಸಹಿಯೂ ಆ ಸಾಲದ ಕಾಗದಕ್ಕೆ ಬೇಕಂತೆ.

ಆ ದುಡ್ಡಿನ ಒಂದು ಪಾಲಿಗೆ ಏನು ಮಾಡಬಹುದು ಅಂದ್ರೆ, ಅಗಲ ತಳದ ತೆರೆದ ಫೈಬರ್ ದೋಣಿ, ಹಿಂದೆ ನಲವತ್ತು ಐವತ್ತು ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡು. ಇವು ನಮ್ಮ ಕರಾವಳಿಯಲ್ಲಿ ಓಡ್ತವೆ, ಸ್ಪೇರು ಮಂಗಳೂರು, ಮಲ್ಪೆ ಕಡೆ ಹುಡುಕಬಹುದು. ಬಡಿದ್ರೆ ಎಗರುತ್ತೆ. ಇದಕ್ಕೂ ಪೆಟ್ರೋಲಿನ ತಲೆನೋವು ಇದೆ, ಆದ್ರೆ ಟ್ಯಾಂಕು ಕೈಯಲ್ಲಿ ಎತ್ತೋ ಡಬ್ಬ, ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ ಇಟ್ರಾಯ್ತು. ಜೋರಾಗಿ ಎಳೆಯಲ್ಲ, ನಿಜ. ನಿಧಾನವಾಗಿ ಟ್ಯೂಬು ಎಳೆದ್ರೆ ಮಕ್ಕಳಿಗೆ ಸಾಕು, ಅದೂ ನೀರು ಮೇಲಿರೋ ತಿಂಗಳುಗಳಲ್ಲಿ ಮಾತ್ರ. ಎಳೆಯುವಾಗ ಓಡಿಸೋಕೆ ಒಬ್ಬ, ಹಿಂದೆ ತಿರುಗಿ ಕೂತು ಹಗ್ಗದವನನ್ನೇ ನೋಡೋಕೆ ಇನ್ನೊಬ್ಬ. ಎರಡನೆಯವನಿಗೆ ಸಂಬಳ ಕೊಡೋಕಾಗಲ್ಲ ಅಂದ್ರೆ ಎಳೆಯೋದೇ ಬೇಡ. ಇಂಜಿನ್ನೇ ಇಲ್ಲದೆ ಹೊನ್ನೆಮರಡಿನಲ್ಲಿ ಎಷ್ಟೋ ವರ್ಷದಿಂದ ಹರಿಗೋಲು, ಕಯಾಕು ಹತ್ತಿಸ್ತಾ ಇದ್ದಾರೆ, ಜಾಕೆಟ್ ಹಾಕದೆ ನೀರಿಗಿಳಿಸಲ್ಲ. ಜನ ಅಲ್ಲಿಗೆ ಹುಡುಕ್ಕೊಂಡು ಹೋಗ್ತಾರಲ್ವಾ?

ಕಾಗದಪತ್ರದ ಬಗ್ಗೆ ಚಿಕ್ಕದಾಗಿ. ೧೯೧೭ರ ಹಳೇ ಕಾಯ್ದೆ ತೆಗೆದು ೨೦೨೧ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆ ಪತ್ರ, ವಿಮೆ ಇವೆಲ್ಲ ಅದರಲ್ಲಿವೆ. ಲಿಂಗನಮಕ್ಕಿ ಇರಲಿ, ಮಾಣಿ ಇರಲಿ, ಜಲಾಶಯ ಕೆಪಿಸಿಯದ್ದು. ಹಿನ್ನೀರಿನ ಒಂದಷ್ಟು ಭಾಗ ಅಭಯಾರಣ್ಯ. ನಮ್ಮ ಅಂಗಳದ ಕೆಳಗೆ ಬಂತು ಅಂತ ನೀರು ನಮ್ಮದಾಗಲ್ಲ. ಮೊದಲು ಅನುಮತಿ, ಆಮೇಲೆ ಬೋಟಿಗೆ ಅಡ್ವಾನ್ಸು. ನಮ್ಮಲ್ಲಿ ಇದು ಯಾವಾಗ್ಲೂ ತಿರುಗಾಮುರುಗಾ.

ತೀರ್ಥಹಳ್ಳಿಯ ಗೌಡರಿಗೆ ಫೋನಿನಲ್ಲೇ ಹೇಳಿದ್ದೀನಿ. ಗೌಡ್ರೇ, ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವ ನೋಡಿ ನಿಮಗೆ ಆಸೆ ಬಂದಿರಬಹುದು, ಆದ್ರೆ ಬೇಸಿಗೆಯ ತುಂಗೆಯಲ್ಲಿ ಬಂಡೆ ಜಾಸ್ತಿ, ನೀರು ಕಮ್ಮಿ. ಅಲ್ಲಿ ಯಾವ ವರ್ಷದ ಬೋಟೂ ಓಡಲ್ಲ. ಅವರು ನಕ್ಕು, “ಹಂಗಾರೆ ಬಿಡು ಮಾರಾಯ, ಹರಿಗೋಲೇ ಸೈ” ಅಂದ್ರು. ಹೊಸನಗರದವನು ಮಾತ್ರ ಇನ್ನೂ ೨೦೧೧ರದ್ದರ ಫೋಟೋ ಕಳಿಸ್ತಾನೇ ಇದ್ದಾನೆ. ಮಾಣಿಯ ಹಿನ್ನೀರಿನ ಮಟ್ಟ ತಿಂಗಳು ತಿಂಗಳು ಎಷ್ಟಿರುತ್ತೆ ಅಂತ ಮೊದಲು ಬರೆದು ಕಳಿಸು ಮಾರಾಯಾ, ಆಮೇಲೆ ಫೋಟೋ ನೋಡ್ತೀನಿ.

ಭಾವ ಈಗ ಸ್ವಲ್ಪ ಮೆತ್ತಗಾಗಿದ್ದಾನೆ, ಪೂರ್ತಿ ಒಪ್ಪಿಲ್ಲ. ಒಂದು ಕೆಲಸಕ್ಕೆ ಮಾತ್ರ ಒಪ್ಪಿದ್ದಾನೆ. ಮೇ ಎರಡನೇ ವಾರ, ನೀರು ಆದಷ್ಟು ಇಳಿದ ಮೇಲೆ, ನಾನು ರಜೆ ಹಾಕಿ ಊರಿಗೆ ಬರೋದು. ಇಬ್ಬರೂ ಅವನ ಮನೆ ಕೆಳಗಿನ ಕೆಸರಿಗೆ ಇಳಿದು, ಕಾಣೋ ಒಂದೊಂದು ಕುಂಟೆ, ಕಲ್ಲುಕಟ್ಟೆ, ಹಳೇ ಮನೆಯ ಪಂಚಾಂಗ ಎಲ್ಲಾ ಮೊಬೈಲಿನ ಜಿಪಿಎಸ್‌ನಲ್ಲಿ ಗುರುತು ಹಾಕೋದು, ಪ್ರತಿಯೊಂದರ ತುದಿ ಎಷ್ಟು ಎತ್ತರ ಅಂತ ಅಳೆದು ಬರ್ಕೊಳ್ಳೋದು. ಜಲಾಶಯದ ಮಟ್ಟ ಪೇಪರಿನಲ್ಲಿ ಬರುತ್ತೆ. ಅವತ್ತಿನ ಮಟ್ಟ ಕೊಟ್ರೆ ಯಾವ ಕುಂಟೆ ಎಷ್ಟು ಆಳದಲ್ಲಿದೆ ಅಂತ ಹೇಳೋ ಒಂದು ಸಣ್ಣ ಪ್ರೋಗ್ರಾಮು ಬರೆಯೋದು ನನಗೆ ಒಂದು ವಾರಾಂತ್ಯದ ಕೆಲಸ. ಹಿನ್ನೀರಿನ ದಡದಲ್ಲಿ ಮನೆ ಇರೋರು, ಮೀನು ಹಿಡಿಯೋರು, ಬೇಸಿಗೆಯಲ್ಲಿ ಆ ಕಡೆ ಓಡಾಡೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ, ನಿಮ್ಮ ನಿಮ್ಮ ದಡದ ಕುಂಟೆಗಳ ಫೋಟೋ, ತೆಗೆದ ದಿನಾಂಕ, ಜಾಗದ ಗುರುತು ಕೆಳಗೆ ಹಾಕಿ. ದಿನಾಂಕ ಮಾತ್ರ ಮರೀಬೇಡಿ, ಅದಿಲ್ಲದಿದ್ರೆ ಅವತ್ತು ನೀರು ಎಷ್ಟಿತ್ತು ಅಂತ ಗೊತ್ತಾಗಲ್ಲ.